ಪಕ್ಕದ ಟೆಂಟಿನ ಬೆಂಕಿ

ಅಕ್ಕೂರಿನಿಂದ ಹೊರಡುವ ಮೊದಲು

ಕೆನಡಾದಲ್ಲಿ ರಜೆ ಸಿಕ್ಕರೆ ಜನ ಸೌದೆ ಕೊಂಡುಕೊಂಡು ಕಾಡಿಗೆ ಹೋಗಿ, ಬೆಂಕಿ ಹಾಕಿಕೊಂಡು ಸುತ್ತ ಕೂರುತ್ತಾರೆ ಎಂದು ನನ್ನ ತಂಗಿ ಗಿರಿಜಾ ಫೋನಿನಲ್ಲಿ ಹೇಳಿದಾಗ ನಮ್ಮೆಜಮಾನರು ನಂಬಲಿಲ್ಲ.

"ಕಾಡಿಗೆ ಸೌದೆ ಕೊಂಡ್ಕಂಡು ಹೋಯ್ತಾರಾ? ಅಲ್ಲಿ ಮರ ಇಲ್ವಾ?" ಎಂದು ಕೇಳಿದರು. "ಮನೇಲಿ ಗ್ಯಾಸ್ ಮಡಿಕ್ಕಂಡು ಕಾಡಲ್ಲಿ ಹೊಗೆ ಕುಡೀತಾರಾ? ಅದೇನ್ ಗಾಚಾರ ಬಂದಿರೋದವ್ವ ಅವ್ರಿಗೆ!"

ನಮ್ಮೆಜಮಾನರಿಗೂ ಹೊಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ರೇಷ್ಮೆ ಹುಳ ಸಾಕುವವರು. ನಾನು ಚನ್ನಪಟ್ಟಣದ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ಸಂಜೆ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅವರು ಹುಳದ ಮನೆಯ ಬಾಗಿಲಲ್ಲಿ ಮೂಗು ಅರಳಿಸಿ ನಿಂತಿರುತ್ತಾರೆ. ಹುಳಕ್ಕೆ ಹೊಗೆ ಆಗದು. ಬೀಡಿ ಸೇದಿ ಬಂದ ನೆಂಟರನ್ನು ಜಗಲಿಯಲ್ಲೇ ಕೂರಿಸಿ ಕಳಿಸುತ್ತಾರೆ. ನಾನು ಒಣಮೆಣಸಿನಕಾಯಿ ಹುರಿಯಬೇಕಾದರೆ ರೇಷ್ಮೆಗೂಡು ರಾಮನಗರದ ಮಾರುಕಟ್ಟೆ ಸೇರುವವರೆಗೂ ಕಾಯಬೇಕು. ಊದುಬತ್ತಿಯನ್ನೂ ಅವರು ಹುಳದ ಮನೆಯ ಹತ್ತಿರ ಬಿಟ್ಟವರಲ್ಲ. ದೇವರು ಅರ್ಥ ಮಾಡಿಕೊಳ್ಳುತ್ತಾನೆ, ಹುಳ ಮಾಡಿಕೊಳ್ಳುವುದಿಲ್ಲ ಎನ್ನುವುದು ಅವರ ವಾದ.

ಹೀಗಾಗಿ ನಮ್ಮೂರಲ್ಲಿ ಒಂದು ನಡವಳಿಕೆ ಬೆಳೆದಿದೆ. ಕಸಕ್ಕೋ ತರಗಿಗೋ ಬೆಂಕಿ ಕೊಡುವ ಮುಂಚೆ ಪಕ್ಕದವರ ಬಾಗಿಲಿಗೆ ಹೋಗಿ "ಹುಳ ಎಷ್ಟನೇ ಜ್ವರದಲ್ಲವೆ?" ಎಂದು ಕೇಳುತ್ತಾರೆ. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಕೇಳದೆ ಯಾರಾದರೂ ಬೆಂಕಿ ಹಚ್ಚಿದರೆ, ಮೊದಲು ನೋಡಿದವರು ಕೊಡ ತಂದು ನೀರು ಸುರಿದುಬಿಡಬಹುದು. ಯಾರ ಬೆಂಕಿ, ಯಾರ ಕೊಡ ಎಂದು ಯಾರೂ ಕೇಳುವುದಿಲ್ಲ. ಹಚ್ಚಿದವನೇ "ಮರ್ತೋಗಿತ್ತು ಕಣಣ್ಣ" ಎಂದು ತಲೆ ಕೆರೆದುಕೊಳ್ಳುತ್ತಾನೆ. ಇದಕ್ಕಾಗಿ ಜಗಳವಾಗಿದ್ದನ್ನು ನಾನಂತೂ ಕಂಡಿಲ್ಲ.

ಹುಳದ ಒಂದು ಬೆಳೆ ಬಿಟ್ಟು, ತೋಟದ ಹಿಪ್ಪುನೇರಳೆ ಸೊಪ್ಪನ್ನು ಪಕ್ಕದವರಿಗೆ ಒಪ್ಪಿಸಿ, ಇಂಥ ಮನುಷ್ಯನನ್ನು ನಾನು ವಿಮಾನ ಹತ್ತಿಸಿದೆ. ಗಿರಿಜಾ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಗಂಡನಿಗೆ ರಜೆ ಸಿಗಲಿಲ್ಲ. ಮನೆ ನೋಡಿದ್ದಾಯಿತು, ಅಂಗಡಿ ನೋಡಿದ್ದಾಯಿತು, ಇನ್ನು ಕಾಡು ತೋರಿಸುತ್ತೇನೆ ಎಂದು ನಮ್ಮಿಬ್ಬರನ್ನೂ ಅವಳೇ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು.

ಕೆರೆಯ ದಡ, ಮೊದಲ ದಿನ

ಅದು ಕಾಡೂ ಹೌದು, ಬಡಾವಣೆಯೂ ಹೌದು. ದೊಡ್ಡ ಕೆರೆಯ ದಡದಲ್ಲಿ ಮರಗಳ ನಡುವೆ ಸೈಟು ಬಿಟ್ಟಂತೆ ಜಾಗ ಬಿಟ್ಟು ನಂಬರು ಹಾಕಿದ್ದಾರೆ. ಪ್ರತಿ ಜಾಗಕ್ಕೂ ಒಂದು ಮರದ ಮೇಜು, ಕಬ್ಬಿಣದ ಬಳೆ ಕೂರಿಸಿದ ಒಂದು ಬೆಂಕಿ ಗುಂಡಿ. ಅಲ್ಲಿ ಬಿದ್ದ ಕಡ್ಡಿ ಆರಿಸಿ ಉರಿಸುವ ಹಾಗಿಲ್ಲ. ಸೌದೆಯ ಕಟ್ಟನ್ನು ಆಫೀಸಿನ ಪಕ್ಕದ ಅಂಗಡಿಯಲ್ಲೇ ತರಬೇಕು. ಗಿರಿಜಾ ಒಂದು ಕಟ್ಟು ತಂದು ಗುಂಡಿಯ ಪಕ್ಕ ಇಟ್ಟಳು. ನಮ್ಮೆಜಮಾನರು ಅದನ್ನೆತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿದರು.

"ಭಾವ, ಅದು ಉರಿಸೋಕೆ ತಂದಿರೋದು."

"ಗೊತ್ತು ಕಣವ್ವ. ಅದ್ಕೇ ಒಳಗಿಟ್ಟೆ."

ಟೆಂಟ್ ಕಟ್ಟುವಾಗ ಅವರದೇ ದರ್ಬಾರು. ಕರು ಕಟ್ಟುವ ಗಂಟಿನಲ್ಲಿ ಹಗ್ಗಗಳನ್ನು ಬಿಗಿದರು. ಟೆಂಟೇನೋ ಅಲುಗಲಿಲ್ಲ, ಆದರೆ ಒಂದು ಹಗ್ಗ ಬಾಗಿಲ ಜಿಪ್ಪಿಗೆ ಅಡ್ಡ ಬಂದು ನಾವು ಎರಡು ದಿನವೂ ಬಗ್ಗಿ ತೆವಳಿಕೊಂಡೇ ಒಳಗೆ ಹೋದೆವು. ಬಿಚ್ಚಿ ಕಟ್ಟಿ ಎಂದರೆ, ಕಟ್ಟಿದ ಗಂಟು ಬಿಚ್ಚುವುದು ತಮ್ಮ ಜಾಯಮಾನದಲ್ಲೇ ಇಲ್ಲ ಎಂದರು.

ನಲ್ಲಿ ಇದ್ದದ್ದು ಪಕ್ಕದ ಜಾಗದ ಆಚೆಗೆ. ಅವರು ಕೊಡಪಾನದ ಬದಲು ಪ್ಲಾಸ್ಟಿಕ್ ಡಬ್ಬ ಹಿಡಿದು, ಪಕ್ಕದವರ ಮೇಜಿಗೂ ಟೆಂಟಿಗೂ ನಡುವೆ ನೇರವಾಗಿ ಹೋಗಿ ನೀರು ಹಿಡಿದು, ಬಂದ ದಾರಿಯಲ್ಲೇ ವಾಪಸು ಬಂದರು. ಗಿರಿಜಾ ಹಣೆ ಚಚ್ಚಿಕೊಂಡಳು.

"ಹಂಗೆ ಹೋಗ್ಬಾರ್ದು ಭಾವ. ಸುತ್ಕೊಂಡು ರಸ್ತೇಲಿ ಹೋಗ್ಬೇಕು. ಅದು ಅವರ ಮನೆ ಇದ್ದಂಗೆ."

"ಬೇಲಿನೇ ಇಲ್ವಲ್ಲವ್ವ!"

"ಬೇಲಿ ಇಲ್ದೆ ಇದ್ರೂ ಯಾರೂ ದಾಟಲ್ಲ. ಅದೇ ಇಲ್ಲಿನ ಮರ್ಯಾದೆ."

ಅವರು ನಿಂತು ಯೋಚಿಸಿದರು. ನಮ್ಮಲ್ಲಿ ಬೇಲಿ ಇದ್ದರೂ ಒಂದು ಗಳ ಸರಿಸಿಕೊಂಡು ದಾಟುತ್ತೇವೆ, ತೋಟದವನು ಕಂಡರೆ ಊಟ ಆಯಿತಾ ಎಂದು ಕೇಳುತ್ತೇವೆ. ಕೇಳದೆ ಸುಮ್ಮನೆ ಹೋದರೆ ಅದು ತಪ್ಪು. ಇಲ್ಲಿ ದಾಟುವುದೇ ತಪ್ಪು. ಆಮೇಲಿನಿಂದ ಅವರು ನೀರಿಗೆ ಸುತ್ತಿಕೊಂಡೇ ಹೋದರು, ಹೋಗುವಾಗಲೂ ಬರುವಾಗಲೂ ಕಂಡವರಿಗೆಲ್ಲ ಕೈ ಎತ್ತಿದರು. ಅವರೂ ಎತ್ತಿದರು. ಅಷ್ಟರ ಮಟ್ಟಿಗೆ ಎರಡೂ ದೇಶಗಳು ಒಂದೇ.

ಅವರು ದಾಟಿದ ಜಾಗದಲ್ಲಿ ಇದ್ದದ್ದು ಮಾರ್ಕ್ ಎಂಬ ಮನುಷ್ಯ ಮತ್ತು ಅವನ ಮಗಳು ಎಮಿ. ಮೂರನೆಯ ತರಗತಿಯ ವಯಸ್ಸು, ಮುಂದಿನ ಒಂದು ಹಲ್ಲು ಬಿದ್ದಿತ್ತು. ಪಾತ್ರೆ ತೊಳೆಯುವ ಕಡೆ ಗಿರಿಜಾಳಿಗೆ ಅವನ ಪರಿಚಯವಾಯಿತು. ಅವನೂ ಅವನ ಹೆಂಡತಿಯೂ ಬೇರೆಯಾಗಿದ್ದಾರೆ. ಅವನಿಗೆ ದೂರದ ಗಣಿಯಲ್ಲಿ ಕೆಲಸ. ಬೇಸಿಗೆಯಲ್ಲಿ ಒಮ್ಮೆ ಮಗಳನ್ನು ಹೀಗೆ ಕರೆದುಕೊಂಡು ಬರುತ್ತಾನೆ. ಹೋದ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲ್ಲಿ ಬೆಂಕಿ ಹಾಕುವುದನ್ನೇ ನಿಲ್ಲಿಸಿದ್ದರಂತೆ. ಮುಂದಿನ ಸಲ ಖಂಡಿತ ಎಂದು ಮಗಳಿಗೆ ಮಾತು ಕೊಟ್ಟಿದ್ದ. ಅವಳು ವರ್ಷವೆಲ್ಲ ಅದನ್ನೇ ನೆನಪಿಸುತ್ತಿದ್ದಳಂತೆ.

"ನಾಳೆ ಸಾಯಂಕಾಲ ಹಾಕ್ತಾರಂತೆ. ನಾಡಿದ್ದು ಬೆಳಿಗ್ಗೆ ಅವಳನ್ನ ಅಮ್ಮನ ಮನೆಗೆ ಬಿಡಬೇಕಂತೆ" ಎಂದಳು ಗಿರಿಜಾ.

"ಆ ಮಗೀಗೆ ಬೆಂಕಿ ನೋಡಕ್ಕೂ ವರ್ಷ ಕಾಯ್ಬೇಕಲ್ಲ" ಎಂದರು ನಮ್ಮೆಜಮಾನರು.

ಕೆರೆಯ ದಡ, ಎರಡನೆಯ ದಿನ

ಮಧ್ಯಾಹ್ನ ಮಳೆ ಬಂತು. ನಮ್ಮ ಸೌದೆ ಡಿಕ್ಕಿಯಲ್ಲಿ ಬೆಚ್ಚಗಿತ್ತು, ಮಾರ್ಕನದು ಮೇಜಿನ ಕೆಳಗೆ ನೆನೆಯಿತು. ಸಂಜೆ ಅವನು ಕಾಗದ ತುರುಕಿ ಹಚ್ಚಿದಾಗ ಬೆಂಕಿಗಿಂತ ಹೊಗೆಯೇ ಹೆಚ್ಚು ಎದ್ದಿತು. ಆ ಹೊಗೆ ನಮ್ಮನ್ನು ಬಿಟ್ಟು ಆಚೆಯ ಜಾಗದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರ ಟೆಂಟಿಗೆ ನುಗ್ಗಿತು. ಅವರು ಕೆಮ್ಮಿದ್ದು ನಮಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಹಸಿರು ಅಂಗಿಯ ಮೇಲ್ವಿಚಾರಕಿ ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ನಗುತ್ತಲೇ ಮಾತಾಡಿದಳು. ಸಣ್ಣದಾಗಿ ಉರಿಸಿ, ಒಣ ಸೌದೆ ಹಾಕಿ, ಇನ್ನೊಂದು ದೂರು ಬಂದರೆ ಈ ಜಾಗದಲ್ಲಿ ಬೆಂಕಿಯೇ ಇಲ್ಲ ಎಂದು ಹೇಳಿ ಹೋದಳು. ಮಾರ್ಕ್ ಆಚೆಯ ಹೆಂಗಸಿನ ಹತ್ತಿರ ಹೋಗಿ ಸಾರಿ ಕೇಳಿ ಬಂದ. ಆಮೇಲೆ ಮೊಣಕಾಲೂರಿ ಕೂತು ಒದ್ದೆ ತುಂಡುಗಳನ್ನು ಒಂದೊಂದಾಗಿ ತೆಗೆದು, ಚಿಕ್ಕ ಚಿಕ್ಕ ಚಕ್ಕೆ ಇಟ್ಟು, ಊದಿ ಊದಿ ಬೆಂಕಿಯನ್ನು ಹದಕ್ಕೆ ತಂದ. ಎಮಿ ಒಂದು ಉದ್ದನೆಯ ಕಡ್ಡಿ ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದಳು. ಹತ್ತಿಯಂಥ ಬಿಳಿ ಮಿಠಾಯಿಯನ್ನು ಕಡ್ಡಿಗೆ ಸಿಕ್ಕಿಸಿ ಕೆಂಡದಲ್ಲಿ ಸುಟ್ಟು ತಿನ್ನುವುದು ಅಲ್ಲಿನ ಮಕ್ಕಳ ಹಬ್ಬ. ಅದು ಕಾರಿನಲ್ಲಿತ್ತು. ಅದನ್ನು ತರಲು ಇಬ್ಬರೂ ನಾಲ್ಕು ಹೆಜ್ಜೆ ಆಚೆ ಹೋದರು.

ಗಿರಿಜಾ ಸ್ನಾನಕ್ಕೆ ಹೋಗಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ, ಅಲ್ಲಿಯ ಅಕ್ಕಿಯಲ್ಲಿ ಕಲ್ಲಿಲ್ಲದಿದ್ದರೂ ಕೈಗೆ ಅಭ್ಯಾಸ. ನಮ್ಮೆಜಮಾನರು ಮಡಿಚುವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿತು. ಮಾರ್ಕನ ಗುಂಡಿಯಲ್ಲಿ ಉಳಿದಿದ್ದ ಒಂದು ಒದ್ದೆ ಕೊರಡಿನ ಹೊಗೆ ನೆಟ್ಟಗೆ ನಮ್ಮೆಜಮಾನರ ಮೂಗಿಗೆ ಬಂತು.

ಅವರು ಕಣ್ಣು ಪೂರ್ತಿ ಬಿಡುವ ಮೊದಲೇ ಎದ್ದಿದ್ದರು. "ಯಾವನ್ಲಾ ಅವ್ನು ಹೊಗೆ ಹಾಕ್ದೋನು! ಹುಳ ಜ್ವರಕ್ಕೆ ಕುಂತವೆ ಕಣ್ಲಾ!" ಎಂದು ಕೂಗುತ್ತಾ ಓಡಿದರು. ಇಲ್ಲದ ಬೇಲಿಯನ್ನು ದಾಟಿಯೇಬಿಟ್ಟರು. ಬೆಂಕಿಯ ಪಕ್ಕದಲ್ಲಿ ನೀರಿನ ಬಕೆಟ್ ಇಡುವುದು ಅಲ್ಲಿನ ನಿಯಮ. ಮಾರ್ಕನದೇ ಬಕೆಟ್ ಎತ್ತಿ ಮಾರ್ಕನದೇ ಬೆಂಕಿಗೆ ಇಡಿಯಾಗಿ ಸುರಿದರು.

ನಾನು "ರೀ!" ಎಂದು ಕಿರುಚುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬುಸ್ಸೆಂದು ಎದ್ದ ಬೂದಿ, ಹಬೆ, ಹೊಗೆ ಎಲ್ಲ ಸೇರಿ ಅಕ್ಕಪಕ್ಕದ ಮೇಜುಗಳ ಊಟದ ಮೇಲೆ ಹರಡಿತು. ಅದರ ನಡುವೆ ಅವರು ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಮರ, ಕೆರೆ, ಕೆಂಪು ಟೆಂಟುಗಳನ್ನು ಒಂದೊಂದಾಗಿ ನೋಡಿದರು. ತಾವು ಅಕ್ಕೂರಿನಲ್ಲಿಲ್ಲ ಎಂಬುದು ಅವರ ಮುಖಕ್ಕೆ ಇಳಿಯುವುದನ್ನು ನಾನು ಕಂಡೆ.

ಮಾರ್ಕ್ ಓಡಿ ಬಂದ. ಬೈಯುತ್ತಾನೆ, ಬೈಯಲಿ, ಬೈದರೆ ನಮಗೂ ಸಮಾಧಾನ ಎಂದುಕೊಂಡೆ. ಅವನು ಗುಂಡಿ ನೋಡಿದ, ಇವರ ನೀರೂರಿದ ಕಣ್ಣು ನೋಡಿದ. "ಸಾರಿ" ಎಂದ. "ಹೊಗೆ ನಿಮ್ಮ ಕಡೆ ಬಂತಾ? ತುಂಬಾ ಸಾರಿ" ಎಂದ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಎಮಿ ಒಂದು ಕೈಯಲ್ಲಿ ಕಡ್ಡಿ, ಒಂದು ಕೈಯಲ್ಲಿ ಮಿಠಾಯಿ ಪೊಟ್ಟಣ ಹಿಡಿದು, ಕೆಸರಾದ ಬೂದಿಯನ್ನು ನೋಡುತ್ತಾ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು.

ಹಿಂದೆಯೇ ಮೇಲ್ವಿಚಾರಕಿ ಬಂದಳು. ಈ ಸಲ ನಗಲಿಲ್ಲ. ಮಾರ್ಕನಿಗೆ ಏನೋ ಹೇಳಿದಳು, ಕೈಯಿಂದ ಗುಂಡಿಯನ್ನು ತೋರಿಸಿ ಸಾಕು ಎನ್ನುವಂತೆ ಬೀಸಿದಳು. ಮಾರ್ಕ್ ತಲೆಯಾಡಿಸಿದ. ಬೆಂಕಿಗೆ ನೀರು ಹಾಕಿದ್ದು ತಾನಲ್ಲ ಎಂದು ಒಂದು ಮಾತೂ ಹೇಳಲಿಲ್ಲ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದವರ ಹೆಸರು ಹೇಳಿ ತಾನು ಬಚಾವಾಗುವುದು ಅವನಿಗೆ ಬೇಕಿರಲಿಲ್ಲ.

"ಏನಂತೆ?" ಎಂದು ಇವರು ಕೇಳಿದರು.

"ಇನ್ನು ಅವರು ಬೆಂಕಿ ಹಾಕೋ ಹಾಗಿಲ್ಲ ಅಂತ ಕಾಣುತ್ತೆ."

"ನೀನ್ ಹೇಳಮ್ಮಿ, ನಾನೇ ಉಯ್ದ್ಬುಟ್ಟೆ ಅಂತ."

ನಾನು ಬಾಯಿ ತೆರೆದೆ. ಮಕ್ಕಳಿಗೆ ಸಂಧಿ ಸಮಾಸ ಬಿಡಿಸಿ ಹೇಳುವ ಬಾಯಿ, ಅಲ್ಲಿ ಒಂದು ವಾಕ್ಯಕ್ಕೆ ತಡಕಾಡಿತು. ಇವರು ಕಾಯಲಿಲ್ಲ. ಬಕೆಟ್ ಎತ್ತಿಕೊಂಡು ಆ ಹುಡುಗಿಯ ಮುಂದೆ ಹೋಗಿ ನಿಂತು, ಖಾಲಿ ಬಕೆಟ್ಟನ್ನು ಗುಂಡಿಗೆ ಬಗ್ಗಿಸಿ ತೋರಿಸಿದರು. ಎದೆ ತಟ್ಟಿಕೊಂಡು "ಮೀ. ವಾಟರ್ ಮೀ" ಎಂದರು. ಮಾರ್ಕನ ಕಡೆ ಬೆರಳು ಮಾಡಿ "ನೋ ನೋ, ಗುಡ್ ಮ್ಯಾನ್" ಎಂದರು. ಮತ್ತೆ ಮೊದಲಿನಿಂದ ಬಕೆಟ್ ಬಗ್ಗಿಸಿದರು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

ದೇವರು ದೊಡ್ಡವನು, ಗಿರಿಜಾ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ವಿಷಯ ತಿಳಿದು ಅಲ್ಲೇ ಮೆಟ್ಟಿಲಂಥ ಬೇರಿನ ಮೇಲೆ ಕುಸಿದು ಕೂತಳು. ಆಮೇಲೆ ಎದ್ದು, ರೇಷ್ಮೆ ಹುಳ, ಹುಳದ ಜ್ವರ, ಊರಿನ ಕೊಡ, ಭಾವನ ನಿದ್ದೆಗಣ್ಣು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮೇಲ್ವಿಚಾರಕಿಯ ಹುಬ್ಬುಗಳು ಮೇಲೇರಿ ಅಲ್ಲೇ ನಿಂತವು. ಮಾರ್ಕ್ ಇವರನ್ನೇ ನೋಡುತ್ತಿದ್ದ. ಎಮಿ ಒಂದೇ ಪ್ರಶ್ನೆ ಕೇಳಿದಳು.

"ಹುಳ ಈಗ ಎಲ್ಲಿವೆ ಅಂತ ಕೇಳ್ತಿದಾಳೆ ಭಾವ."

"ಈಗ ಇಲ್ಲ ಕಣ್ ಮಗ. ಬುಟ್ ಬಂದಿವ್ನಿ" ಎಂದು ಇವರು ಅವಳಿಗೇ ಕನ್ನಡದಲ್ಲಿ ಹೇಳಿದರು. "ಅವ್ಳಪ್ಪ ಮಾಡಿದ್ದ ಬೆಂಕಿನ ಕೆಡಿಸ್ಬುಟ್ನಲ್ಲ ಗಿರಿಜವ್ವ. ಒಂದೇ ಒಂದು ಸಾಯಂಕಾಲ ಅದು ಆ ಮಗೀಂದು. ಏನಾರ ಮಾಡಕ್ಕಾಯ್ತದಾ ಕೇಳು."

ಮೇಲ್ವಿಚಾರಕಿ ತುಟಿ ಕಚ್ಚಿಕೊಂಡು ಯೋಚಿಸಿದಳು. ಮಾರ್ಕನ ಜಾಗಕ್ಕೆ ಎಚ್ಚರಿಕೆ ಕೊಟ್ಟಾಗಿದೆ, ಅದನ್ನು ತಾನು ಬದಲಿಸಲಾರೆ ಎಂದಳು. ಆದರೆ ನಿಮ್ಮ ಜಾಗದ ಮೇಲೆ ಯಾವ ದೂರೂ ಇಲ್ಲವಲ್ಲ, ನಿಮ್ಮ ಗುಂಡಿಯಲ್ಲಿ ನೀವು ಹಾಕಬಹುದು, ನೀವು ಕರೆದರೆ ಅವರು ಬರಬಹುದು ಎಂದಳು.

ಇವರು ಡಿಕ್ಕಿ ತೆಗೆದು ಸೌದೆ ಕಟ್ಟನ್ನು ಹೊತ್ತು ತಂದರು. ಗುಂಡಿಯ ಪಕ್ಕ ಇಳಿಸಿ, ಹಚ್ಚುವ ಮೊದಲು ಗಿರಿಜಾಳನ್ನು ಕರೆದರು. "ಬಾ, ಕೇಳ್ಕಂಡು ಬರಣ" ಎಂದರು. ರಸ್ತೆಯಲ್ಲಿ ಸುತ್ತಿಕೊಂಡು, ಸುತ್ತಲಿನ ಪ್ರತಿ ಟೆಂಟಿನ ಅಂಚಿನಲ್ಲೂ ನಿಂತು, ನಾವು ಬೆಂಕಿ ಹಾಕುತ್ತೇವೆ, ನಿಮ್ಮಲ್ಲಿ ಹೊಗೆ ಆಗದವರು ಯಾರಾದರೂ ಇದ್ದಾರೆಯೇ ಎಂದು ಕೇಳಿಸಿದರು. ಜನ ಬೆರಗಾದರು. ಹೀಗೆ ಯಾರೂ ಕೇಳಿದ್ದಿಲ್ಲವಂತೆ. ಒಬ್ಬನಂತೂ ಏನನ್ನೋ ಮಾರಲು ಬಂದಿದ್ದಾರೆ ಎಂದುಕೊಂಡು ಬೇಡ ಬೇಡ ಎಂದು ಕೈಯಾಡಿಸಿದ. ದೂರು ಕೊಟ್ಟಿದ್ದ ಹೆಂಗಸು, ತಮಗೆ ಉಬ್ಬಸ, ಮಾತ್ರೆ ತೆಗೆದುಕೊಂಡು ಕೆರೆಯ ಕಡೆ ಕೂರುತ್ತೇನೆ, ಮಗುವಿಗೆ ಹಾಕಿಕೊಡಿ ಎಂದರು. ಅವರ ಕುರ್ಚಿಯನ್ನು ಇವರೇ ಹೊತ್ತು ಕೆರೆಯ ಬದಿಗೆ ಇಟ್ಟು ಬಂದರು.

ಇನ್ನು ಬೆಂಕಿಯ ಮಾತು. ಇಷ್ಟೆಲ್ಲ ಮಾಡಿದ ಮಹಾನುಭಾವರು ಹಚ್ಚಿದ ಬೆಂಕಿ ಮಾರ್ಕನ ಬೆಂಕಿಗಿಂತ ಹೆಚ್ಚು ಹೊಗೆಯಾಡಿತು! ಮನೆಗೆ ಗ್ಯಾಸು ಬಂದ ಮೇಲೆ ಅವರು ಒಲೆ ಹಚ್ಚಿದ್ದು ಯಾವಾಗ? ಆರಿಸುವುದೊಂದೇ ಅವರಿಗೆ ಗೊತ್ತು. ಮಾರ್ಕ್ ನಗುತ್ತಾ ಬಂದು ಪಕ್ಕದಲ್ಲಿ ಕೂತ. ಒಬ್ಬರು ಕನ್ನಡದಲ್ಲಿ, ಒಬ್ಬ ಇಂಗ್ಲಿಷಿನಲ್ಲಿ ಸೌದೆ ಜೋಡಿಸಿದರು. ನಡುವೆ ಕೂತ ಎಮಿ ಇಬ್ಬರಿಗೂ ಚಕ್ಕೆ ಎತ್ತಿಕೊಟ್ಟಳು. ಕೊನೆಗೆ ಬೆಂಕಿ ತಿಳಿಯಾಗಿ ಹತ್ತಿಕೊಂಡಾಗ ಅವಳು ಅಪ್ಪನ ಮುಖ ನೋಡಿದಳು. ಆ ನೋಟವನ್ನು ನಾನು ಹೇಗೆ ಬರೆಯಲಿ, ನನಗೆ ಅಳುವೇ ಬಂತು. ಹೊಗೆಗೆ ಕಣ್ಣುರಿಯಿತು ಎಂದು ಗಿರಿಜಾಳಿಗೆ ಹೇಳಿದೆ.

ಅಲ್ಲಿ ಬೇಸಿಗೆಯ ಬೆಳಕು ಬೇಗ ಹೋಗುವುದಿಲ್ಲ. ಎಮಿ ಒಂದಾದ ಮೇಲೊಂದು ಮಿಠಾಯಿ ಸುಟ್ಟಳು, ಮೂರರಲ್ಲಿ ಒಂದು ಕರಕಲು. ಕರಕಲೆಲ್ಲ ಇವರ ಪಾಲಿಗೆ ಬಂತು. ಗಾಳಿ ತಿರುಗಿ ಹೊಗೆ ಇವರ ಮುಖಕ್ಕೇ ಹೊಡೆಯತೊಡಗಿತು. ಮಾರ್ಕ್ ಎದ್ದು ತನ್ನ ಕುರ್ಚಿ ಸರಿಸಿ, ಇಲ್ಲಿ ಬನ್ನಿ ಎಂದು ಕರೆದ. ಇವರು ಬೇಡವೆಂದು ತಲೆಯಾಡಿಸಿದರು. ಎದ್ದರೆ ಆ ಮಗು ಎಲ್ಲಿ ಬೆಂಕಿ ಆರಿಸುತ್ತಾರೋ ಎಂದು ಹೆದರೀತು ಎಂದು ನನ್ನ ಕಿವಿಯಲ್ಲಿ ಹೇಳಿದರು. ಬೂದಿಯಾಗುವ ತನಕ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಅಲ್ಲೇ ಕೂತರು.

ಹೊರಡುವ ಬೆಳಿಗ್ಗೆ

ಮಾರ್ಕ್ ಟೆಂಟ್ ಬಿಚ್ಚಿ ಕಾರಿಗೆ ತುಂಬುತ್ತಿದ್ದ. ಕೆಲಸ ನಿಧಾನವಾಗಿತ್ತು. ಒಂದು ಚೀಲವನ್ನು ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದ. ಎಮಿ ರಸ್ತೆಯಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ಬಂದಳು. ಸ್ವೆಟರಿನ ತೋಳನ್ನು ಮೂಗಿಗೆ ಒತ್ತಿಕೊಂಡಿದ್ದಳು. ಗಿರಿಜಾಳಿಗೆ ಏನೋ ಹೇಳಿದಳು.

"ಏನಂತೆ ಮಗೀಗೆ?" ಎಂದರು ಇವರು.

"ಸ್ವೆಟರೆಲ್ಲ ನೆನ್ನೆ ಹೊಗೆ ವಾಸನೆ ಬರ್ತಿದೆಯಂತೆ ಭಾವ. ಮನೆಗೆ ಹೋದ ತಕ್ಷಣ ಅಮ್ಮ ಒಗೆಯೋಕೆ ಹಾಕ್ತಾಳಂತೆ. ಇವಳು ಬೇಡ ಅಂತ ಹೇಳ್ತಾಳಂತೆ. ಅಪ್ಪ ಮತ್ತೆ ಬರೋವರೆಗೂ ಇರಲಿ ಅಂತೆ."

ಇವರು ಬಗ್ಗಿ ತೆವಳಿಕೊಂಡು ಟೆಂಟಿನೊಳಗೆ ಹೋದರು. ನಾವು ಊರಿನಿಂದ ತಂದಿದ್ದ ರಾಗಿಹಿಟ್ಟಿಗೆ ಎರಡು ಪ್ಲಾಸ್ಟಿಕ್ ಕವರು ಹಾಕಿದ್ದೆ. ಹೊರಗಿನದನ್ನು ಕಳಚಿ, ಕೊಡವಿ, ತಿರುಗಿಸಿ, ಮೂಸಿ ನೋಡಿ ತಂದರು. ಸ್ವೆಟರ್ ಬಿಚ್ಚು ಎಂದು ಸನ್ನೆ ಮಾಡಿದರು. ಆ ಚಳಿಯಲ್ಲಿ ಎಮಿ ಹಿಂದೆಮುಂದೆ ನೋಡದೆ ಬಿಚ್ಚಿಕೊಟ್ಟಳು. ನಾನು ನನ್ನ ಶಾಲು ಹೊದಿಸಿದೆ. ಇವರು ಸ್ವೆಟರನ್ನು ಸಣ್ಣಗೆ ಮಡಿಸಿ, ಕವರಿನಲ್ಲಿಟ್ಟು, ಗಾಳಿಯನ್ನೆಲ್ಲ ಒತ್ತಿ ತೆಗೆದು, ಬಾಯಿಯನ್ನು ತಿರುಚಿ ಬಿಗಿಯಾಗಿ ಕಟ್ಟಿದರು. ಮಾರ್ಕ್ ಕಾರಿನ ಪಕ್ಕ ಕೈಯಲ್ಲಿ ಚೀಲ ಹಿಡಿದು ನಿಂತು ನೋಡುತ್ತಿದ್ದ.

"ದಿನಾ ಬಿಚ್ಬ್ಯಾಡ ಅನ್ನು ಗಿರಿಜವ್ವ" ಎಂದರು. "ಬಿಚ್ದಾಗೆಲ್ಲ ವಾಸ್ನೆ ಒಸಿ ಒಸಿ ಹೊಂಟೋಯ್ತದೆ."

ಗಿರಿಜಾ ಹೇಳಿದಳು. ಎಮಿ ಕವರನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಕೇಳಿಸಿಕೊಂಡಳು. ಆಮೇಲೆ ಅಪ್ಪನ ಕಡೆ ಒಮ್ಮೆ ತಿರುಗಿ ನೋಡಿ, ಅವನಿಗೆ ಕೇಳಿಸದ ಹಾಗೆ ಮೆಲ್ಲಗೆ ಉತ್ತರ ಕೊಟ್ಟಳು.

"ಏನಂದ್ಲು?"

"ತುಂಬಾ ನೆನಪಾದ ದಿನ ಮಾತ್ರ ಬಿಚ್ತೀನಿ ಅಂದ್ಲು ಭಾವ."